ಧಾತು ಈಶ್ವರದ ಬರ ಮತ್ತು ಪೆರುವಿನ ಕಡಲು

ನಮ್ಮ ಕಡೆ ಮುದುಕರು 'ಧಾತು ಈಶ್ವರದ ಬರ' ಅಂತಿದ್ರು. ಎರಡೂ ಸಂವತ್ಸರದ ಹೆಸರು, ಇಂಗ್ಲಿಷ್ ಲೆಕ್ಕದಲ್ಲಿ 1876ರಿಂದ 78. ಮೈಸೂರು ಸೀಮೆಯಲ್ಲಿ 1871ರ ಜನಗಣತಿಗೆ 50 ಲಕ್ಷ ಜನ ಇದ್ರು, 1881ರಲ್ಲಿ ಎಣಿಸಿದರೆ 42 ಲಕ್ಷಕ್ಕೂ ಕಮ್ಮಿ. (ಆಗಲೂ ದೇಶದ ಗೋಧಿ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗ್ತಿತ್ತು, ಅದು ಬೇರೆ ಮಾತು.)

1877ರಲ್ಲಿ ಮುಂಗಾರು ಕೈಕೊಟ್ಟಿದ್ದಕ್ಕೆ ದೊಡ್ಡ ಕಾರಣ ಶಾಂತಸಾಗರದಲ್ಲಿತ್ತು. ಅಲ್ಲಿ ಗಾಳಿ ಪೂರ್ವದಿಂದ ಬೀಸಿ ಬಿಸಿನೀರನ್ನು ಇಂಡೋನೇಷ್ಯಾ ಕಡೆ ತಳ್ಳುತ್ತೆ. ನೀರು ಬಿಸಿ ಇದ್ದಲ್ಲಿ ಮೋಡ ಏಳುತ್ತೆ. ಕೆಲವು ವರ್ಷ ಗಾಳಿ ಸೋಲುತ್ತೆ. ಬಿಸಿನೀರು ಪೆರು ಕಡೆ ವಾಪಸ್, ಮೋಡವೂ ಅದರ ಹಿಂದೆ. ಆಗ ನಮ್ಮ ಮೇಲೆ ಗಾಳಿ ಏಳೋ ಬದಲು ಇಳಿಯುತ್ತೆ, ಮಳೆ ಕಟ್ಟಲ್ಲ. ಕ್ರಿಸ್‌ಮಸ್ ಹೊತ್ತಿಗೆ ಬರೋ ಆ ಬಿಸಿನೀರಿಗೆ ಪೆರುವಿನ ಮೀನುಗಾರರು ಎಲ್ ನಿನೊ, ಅಂದ್ರೆ ಬಾಲಯೇಸು, ಅಂತ ಹೆಸರಿಟ್ಟಿದ್ರು.

1904ರಲ್ಲಿ ನಮ್ಮ ಹವಾಮಾನ ಇಲಾಖೆಗೆ ಮುಖ್ಯಸ್ಥರಾಗಿ ಬಂದ ಗಿಲ್ಬರ್ಟ್ ವಾಕರ್ ಗಣಿತದವರು. ಜಗತ್ತಿನ ಊರೂರಿನ ಗಾಳಿಯೊತ್ತಡದ ಅಂಕಿ ಗುಡ್ಡೆ ಹಾಕಿ ಗುಮಾಸ್ತರ ಕೈಲಿ ಲೆಕ್ಕ ಮಾಡಿಸಿದರು. ಶಾಂತಸಾಗರದಲ್ಲಿ ಒತ್ತಡ ಏರಿದರೆ ಹಿಂದೂ ಮಹಾಸಾಗರದಲ್ಲಿ ಇಳಿಯುತ್ತೆ, ಏತದ ಮರದ ಹಾಗೆ. ಯಾಕೆ ಅನ್ನೋದು ಅವರಿಗೂ ಸಿಗಲಿಲ್ಲ. 1969ರಲ್ಲಿ ಯಾಕೋಬ್ ಬ್ಯರ್ಕ್ನೆಸ್ ಆ ಗಾಳಿಯನ್ನೂ ಪೆರುವಿನ ಬಿಸಿನೀರನ್ನೂ ಒಂದೇ ಹಗ್ಗಕ್ಕೆ ಕಟ್ಟಿದರು.

ಆದರೂ 1997ರಲ್ಲಿ ಭಾರೀ ಎಲ್ ನಿನೊ ಇದ್ದಾಗ ದೇಶಕ್ಕೆ ಮಳೆ ಸರಿಯಾಗೇ ಬಂತು. ಆ ವರ್ಷ ಹಿಂದೂ ಮಹಾಸಾಗರದ ಆಫ್ರಿಕಾ ಮಗ್ಗುಲು ಬಿಸಿಯಾಗಿತ್ತು, ಅದೇ ನಮ್ಮ ಕೈ ಹಿಡೀತು ಅಂತಾರೆ.

ಟೀವಿಲಿ ಎಲ್ ನಿನೊ ಅಂದ ಕೂಡ್ಲೆ ಬಿತ್ತನೆ ರಾಗಿ ಮಾರಿಕೊಂಡವರು ನಮ್ಮೂರಲ್ಲೇ ಇದ್ದಾರೆ. ನಾನು ಮಡಗಿದ್ದೀನಿ.