ಆಯುಕ್ತರ ಲೆಕ್ಕ ಯಾರ ಮುಂದೆ? ಮುಂಬಯಿ ಮಾದರಿಯ ವಾರದ ಪರಿಶೋಧನೆ ಮತ್ತು ಸಭೆಯಿಲ್ಲದ ಪಾಲಿಕೆಗಳು

ಭಾರತದ ನಗರಾಡಳಿತದ ಚರಿತ್ರೆ ಬರೆದವರು ಮುಂಬಯಿಯ 1871ನೆಯ ವರ್ಷವನ್ನು ಬಿಟ್ಟು ಮುಂದೆ ಹೋದದ್ದಿಲ್ಲ. 1865ರ ಕಾಯ್ದೆ ನಗರದ ಕಾರ್ಯಾಂಗದ ಅಧಿಕಾರವನ್ನೆಲ್ಲ ಒಬ್ಬ ಆಯುಕ್ತನಿಗೆ ವಹಿಸಿತು. ಹಣದ ಮೇಲಿನ ಹತೋಟಿ ಜಸ್ಟಿಸ್ ಆಫ್ ದಿ ಪೀಸ್ ಎಂಬ ನಾಮನಿರ್ದೇಶಿತ ಗಣ್ಯರ ಮಂಡಳಿಯಲ್ಲಿ ಉಳಿಯಿತು. ಮೊದಲ ಆಯುಕ್ತ ಆರ್ಥರ್ ಕ್ರಾಫರ್ಡ್ ಆರೇ ವರ್ಷಗಳಲ್ಲಿ ನಗರದ ಮುಖವನ್ನೇ ಬದಲಿಸಿದ, ಖಜಾನೆಯನ್ನು ಸಾಲಕ್ಕೆ ದೂಡಿದ. 1871ರಲ್ಲಿ ತೆರಿಗೆದಾರರು ದಂಗೆಯೆದ್ದರು. 1872ರ ಕಾಯ್ದೆ 64 ಸದಸ್ಯರ ಸಭೆಯಲ್ಲಿ ಅರ್ಧದಷ್ಟು ಸ್ಥಾನಗಳನ್ನು ತೆರಿಗೆದಾರರ ಆಯ್ಕೆಗೆ ಬಿಟ್ಟಿತು. 1888ರ ಕಾಯ್ದೆ ಪಾಲಿಕೆ ಸಭೆ, ಸ್ಥಾಯಿ ಸಮಿತಿ, ಆಯುಕ್ತ ಎಂಬ ಮೂರು ಪ್ರಾಧಿಕಾರಗಳನ್ನು ನೆಲೆಗೊಳಿಸಿತು. ಇಷ್ಟರ ಬಗ್ಗೆ ಯಾರಿಗೂ ತಕರಾರಿಲ್ಲ.

ತಕರಾರಿರುವುದು ಈ ಕಥೆಯಿಂದ ತೆಗೆಯುವ ತೀರ್ಮಾನದ ಬಗ್ಗೆ. 1871ರ ನವೆಂಬರಿನಲ್ಲಿ ಫ್ರಾಮ್‌ಜಿ ಕಾವಸ್‌ಜಿ ಇನ್‌ಸ್ಟಿಟ್ಯೂಟಿನಲ್ಲಿ ತರುಣ ಫಿರೋಜ್‌ಶಾ ಮೆಹತಾ ಪ್ರಬಂಧವೊಂದನ್ನು ಓದಿದರು. ತೆರಿಗೆದಾರರ ಸಿಟ್ಟು ನೆತ್ತಿಗೇರಿದ್ದ ಹೊತ್ತಿನಲ್ಲಿ ಅವರು ಕ್ರಾಫರ್ಡನ ಕೆಲಸವನ್ನು ಸಮರ್ಥಿಸಿಕೊಂಡರು. ತಪ್ಪು ಒಬ್ಬನ ಕೈಯಲ್ಲಿ ಕಾರ್ಯಾಧಿಕಾರ ಇದ್ದದ್ದರಲ್ಲಿಲ್ಲ, ಅವನ ಮೇಲೆ ಕಣ್ಣಿಡಬೇಕಾದವರು ಜನರಿಂದ ಆಯ್ಕೆಯಾಗದೆ ಇದ್ದದ್ದರಲ್ಲಿದೆ ಎಂಬುದು ಅವರ ವಾದ. ಸಭಿಕರಿಗೆ ಇದು ರುಚಿಸಲಿಲ್ಲ. ಮೆಹತಾ ಅವರ ಜೀವನಚರಿತ್ರೆ ಬರೆದ ಹೋಮಿ ಮೋದಿ (1921) ಈ ಪ್ರಬಂಧವನ್ನು ಮುಂದಿನ ಕಾಯ್ದೆಗಳೆಲ್ಲವುಗಳ ಬೀಜವೆಂದು ಕಂಡರು. ಬಲಿಷ್ಠ ಆಯುಕ್ತ, ಚುನಾಯಿತ ಸಭೆ ಎಂಬ ಜೋಡಿಯೇ ಮುಂಬಯಿ ಮಾದರಿಯ ಸಾರ ಎಂಬ ಗ್ರಹಿಕೆ ಅಲ್ಲಿಂದ ಬೇರುಬಿಟ್ಟಿತು. ಕ್ರಿಸ್ಟೀನ್ ಡಾಬಿನ್ (1972) ಅದೇ ಕಾಲವನ್ನು ಬೇರೆ ದಿಕ್ಕಿನಿಂದ ನೋಡಿ, ಆಸ್ತಿವಂತ ಶೇಟ್‌ಗಳು ಮತ್ತು ಹೊಸದಾಗಿ ಓದಿ ಬಂದ ತರುಣರ ನಡುವಿನ ನಾಯಕತ್ವದ ಪೈಪೋಟಿಯನ್ನು ಬಿಡಿಸಿ ತೋರಿಸಿದರು. ಆ ಅಧ್ಯಯನದ ಉಪಕಾರ ದೊಡ್ಡದು. ಆದರೂ ಈ ಎರಡೂ ಓದುಗಳು ಅಧಿಕಾರ ಯಾರ ಕೈಯಲ್ಲಿತ್ತು ಎಂದು ಕೇಳುತ್ತವೆಯೇ ಹೊರತು, ಲೆಕ್ಕ ಎಷ್ಟು ದಿನಕ್ಕೊಮ್ಮೆ ಯಾರ ಮುಂದೆ ಬರುತ್ತಿತ್ತು ಎಂದು ಕೇಳುವುದಿಲ್ಲ. ಮುಂಬಯಿ ಮಾದರಿಯ ಗಟ್ಟಿತನವೂ ಅದರ ಬಿರುಕೂ ಈ ಎರಡನೆಯ ಪ್ರಶ್ನೆಯಲ್ಲಿವೆ ಎಂಬುದು ಈ ಲೇಖನದ ವಾದ. ಕರ್ನಾಟಕದ ಪಾಲಿಕೆಗಳಿಗೆ ಆ ಬಿರುಕು ವಂಶಪಾರಂಪರ್ಯವಾಗಿ ಬಂದಿದೆ.

ಮೊದಲು ಕ್ರಾಫರ್ಡನ ವಿಷಯ. ಅವನು ಅಧಿಕಾರ ವಹಿಸಿಕೊಂಡ ವರ್ಷವೇ ಅಮೆರಿಕದ ಅಂತರ್ಯುದ್ಧ ಮುಗಿದು ಹತ್ತಿಯ ಬೆಲೆ ಬಿತ್ತು, ಮುಂಬಯಿಯ ಷೇರು ಹುಚ್ಚು 1865ರ ಜುಲೈಯಲ್ಲಿ ಕುಸಿಯಿತು. ಮನೆ, ಜಮೀನುಗಳ ಬೆಲೆ ಇಳಿದಾಗ ಅವುಗಳ ಮೇಲಿನ ಕರವೂ ಸರಿಯಾಗಿ ವಸೂಲಾಗಲಿಲ್ಲ. ಖರ್ಚು ಮಾತ್ರ ಏರಿತು. ಚರಂಡಿ, ರಸ್ತೆ, ಊರ ನಡುವಿನಿಂದ ಬಾಂದ್ರಾಕ್ಕೆ ಸಾಗಿದ ಕಸಾಯಿಖಾನೆ, ಆರೋಗ್ಯಾಧಿಕಾರಿಯ ಹೊಸ ಸಿಬ್ಬಂದಿ, ಇವು ಯಾವುವೂ ಶೋಕಿಯಲ್ಲ. ಕಾಲರಾಕ್ಕೆ ಹೆದರುತ್ತಿದ್ದ ಊರಿಗೆ ಅವು ಪ್ರಾಣರಕ್ಷಣೆಯ ಕೆಲಸಗಳು. ಅವನು ಕಟ್ಟಿಸಿದ, 1869ರಲ್ಲಿ ಮುಗಿದ ಮಾರುಕಟ್ಟೆಯನ್ನು ಹತ್ತಿರದಿಂದ ನೋಡಿದರೆ ಕ್ರಾಫರ್ಡನ ಆಡಳಿತದ ಎರಡೂ ಮುಖ ಕಾಣುತ್ತವೆ. ಒಳಗೆ ಎತ್ತರದ ಛಾವಣಿ, ಗಾಳಿ ಬೆಳಕು, ತೊಳೆದು ಒಣಗಿಸಲು ಬರುವ ನೆಲ. ಬಾಗಿಲ ಮೇಲೆ ಲಾಕ್‌ವುಡ್ ಕಿಪ್ಲಿಂಗ್ ಕೆತ್ತಿದ ರೈತರ ಶಿಲ್ಪ, ಅಂಗಳದಲ್ಲಿ ಅಲಂಕಾರದ ಕಾರಂಜಿ. ನೈರ್ಮಲ್ಯ ಎಲ್ಲಿ ಮುಗಿದು ವೈಭವ ಎಲ್ಲಿ ಶುರುವಾಯಿತೆಂದು ಗೆರೆ ಎಳೆಯಬೇಕಿದ್ದವರು ಖರ್ಚಿಗೆ ಮಂಜೂರಾತಿ ಕೊಡುವವರು. ಕೆಲಸ ಮುಗಿದು ಸಾಲ ತಲೆಯ ಮೇಲೆ ಬಂದ ಮೇಲೆಯೇ ಆ ಗೆರೆಯ ಮಾತು ಎದ್ದಿತು.

ಇಲ್ಲಿ ಒಂದು ಹಳೆಯ ಗೊಂದಲವನ್ನು ಬಿಡಿಸಲೇಬೇಕು. 1888ರಲ್ಲಿ ಕ್ರಾಫರ್ಡ್ ಮತ್ತೆ ಸುದ್ದಿಯಾದ. ಆಗ ಅವನು ಪುಣೆಯಲ್ಲಿ ಮಧ್ಯ ವಿಭಾಗದ ಕಂದಾಯ ಕಮಿಷನರ್. ಮಾಮಲೇದಾರರಿಂದ ಹಣ ಪಡೆದನೆಂಬ ಆರೋಪದ ಮೇಲೆ ವಿಚಾರಣಾ ಆಯೋಗ ಕೂತಿತು. ಲಂಚದ ಆರೋಪ ಸಾಬೀತಾಗಲಿಲ್ಲ. ತನ್ನ ಅಧಿಕಾರ ವ್ಯಾಪ್ತಿಯಲ್ಲೇ ಸಾಲ ಎತ್ತಿದ್ದಕ್ಕಾಗಿ ಸರ್ಕಾರ ಅವನನ್ನು ಸೇವೆಯಿಂದ ತೆಗೆಯಿತು. ಈ ಪ್ರಕರಣದ ನೆರಳಿನಲ್ಲಿ 1871ನ್ನು ಓದಿದವರಿಗೆ ಆಗಿನ ಬಿಕ್ಕಟ್ಟೂ ವ್ಯಕ್ತಿಯ ನೀತಿಗೆಟ್ಟ ನಡತೆಯ ಕಥೆಯಾಗಿಯೇ ಕಾಣುತ್ತದೆ. ಆದರೆ 1871ರಲ್ಲಿ ತೆರಿಗೆದಾರರ ಮುಖ್ಯ ದೂರು ಆಯುಕ್ತ ಜೇಬು ತುಂಬಿಕೊಂಡ ಎಂಬುದಾಗಿರಲಿಲ್ಲ. ಕರದ ಭಾರ, ಸಾಲ, ಮಂಜೂರಾತಿಯನ್ನು ಮೀರಿದ ಖರ್ಚು, ಇವೇ ಅವರ ದೂರುಗಳು. ಪ್ರಾಮಾಣಿಕನೂ ಉತ್ಸಾಹಿಯೂ ಆದ ಅಧಿಕಾರಿಯೂ ಅದೇ ವ್ಯವಸ್ಥೆಯಲ್ಲಿ ಅದೇ ಸಾಲಕ್ಕೆ ಬೀಳಬಹುದಿತ್ತು. ನೀತಿಯ ಪ್ರಶ್ನೆಯನ್ನು ವ್ಯಕ್ತಿಯ ಗುಣಕ್ಕೆ ಕಟ್ಟಿಹಾಕಿದಾಗೆಲ್ಲ ಲೆಕ್ಕದ ಪ್ರಶ್ನೆ ಕೈತಪ್ಪಿಹೋಗುತ್ತದೆ. ನಮ್ಮ ಪತ್ರಿಕೆಗಳಲ್ಲಿ ‘ದಕ್ಷ ಆಯುಕ್ತ’, ‘ಭ್ರಷ್ಟ ಆಯುಕ್ತ’ ಎಂದು ನಡೆಯುವ ಚರ್ಚೆಗೂ ಈ ಮಾತು ಸಲ್ಲುತ್ತದೆ.

ಈಗ ಮುಖ್ಯ ಸಾಕ್ಷ್ಯಕ್ಕೆ ಬರೋಣ. 1888ರ ಮಾದರಿಯನ್ನು ಮುಂಬಯಿ ಪ್ರಾಂತದ ಇತರ ನಗರಗಳಿಗೆ ವಿಸ್ತರಿಸಲು ಬಂದದ್ದು 1949ರ ಬಾಂಬೆ ಪ್ರಾಂತೀಯ ಮಹಾನಗರಪಾಲಿಕೆಗಳ ಕಾಯ್ದೆ. ಅದರ 105ನೆಯ ಕಲಂ ಚಿಕ್ಕದು, ಚರಿತ್ರಕಾರರ ಗಮನ ಅಷ್ಟಾಗಿ ಸೆಳೆಯದ್ದು. ಪಾಲಿಕೆಯ ಮುಖ್ಯ ಲೆಕ್ಕಪರಿಶೋಧಕರು ವಾರವಾರವೂ ಲೆಕ್ಕಗಳನ್ನು ತಪಾಸಣೆ ಮಾಡಿ ಸ್ಥಾಯಿ ಸಮಿತಿಗೆ ವರದಿ ಒಪ್ಪಿಸಬೇಕು. ಸಮಿತಿ ತನಗೆ ಬೇಕೆನಿಸಿದಾಗ ತಾನೇ ಪ್ರತ್ಯೇಕವಾಗಿ ಲೆಕ್ಕ ನೋಡಬಹುದು. ಆ ಲೆಕ್ಕಪರಿಶೋಧಕರನ್ನು ನೇಮಿಸುವ ಹಕ್ಕು ಪಾಲಿಕೆ ಸಭೆಯದು, ಆಯುಕ್ತರದಲ್ಲ. ಆಯುಕ್ತರನ್ನು ಕಳಿಸುವುದು ಸರ್ಕಾರವಾದರೂ, ಒಟ್ಟು ಸದಸ್ಯರಲ್ಲಿ ಎಂಟರಲ್ಲಿ ಐದು ಪಾಲು ಮತ ಬಿದ್ದರೆ ಅವರನ್ನು ವಾಪಸು ಕರೆಸಿಕೊಳ್ಳಬೇಕು. ಈ ಮೂರನ್ನೂ ಒಟ್ಟಿಗೆ ಇಟ್ಟು ಓದಿದಾಗ ಶಾಸನದ ಉದ್ದೇಶ ಸ್ಪಷ್ಟವಾಗುತ್ತದೆ. ಕಾರ್ಯಾಧಿಕಾರವನ್ನು ಒಬ್ಬರಿಗೇ ಕೊಟ್ಟಾಗಿದೆ. ಅದಕ್ಕೆ ಪ್ರತಿಯಾಗಿ ಲೆಕ್ಕವನ್ನು ಅವರ ಅಧೀನದಲ್ಲಿಲ್ಲದ ಕಣ್ಣಿನಿಂದ, ವರ್ಷದ ಕೊನೆಯವರೆಗೆ ಕಾಯದೆ ನೋಡಿಸಬೇಕು.

ವಾರದ ಅವಧಿ ಇಲ್ಲಿ ಬರೀ ಶಿಸ್ತಿನ ಮಾತಲ್ಲ. ಪಾಲಿಕೆಯ ಒಂದು ರಸ್ತೆ ಕಾಮಗಾರಿ ಹೇಗೆ ನಡೆಯುತ್ತದೆ? ಅಂದಾಜುಪಟ್ಟಿ, ಜಾಬ್ ನಂಬರ್, ಟೆಂಡರ್, ಕಾರ್ಯಾದೇಶ, ಕೆಲಸ, ಎಂ.ಬಿ. ಎಂಬ ಅಳತೆ ಪುಸ್ತಕದಲ್ಲಿ ನಮೂದು, ಬಿಲ್ಲು, ಪಾವತಿ. ಅಳತೆ ಬರೆದ ವಾರವೇ ಯಾರಾದರೂ ಕೇಳಿದರೆ ರಸ್ತೆಗೆ ಹೋಗಿ ಜಲ್ಲಿಯ ದಪ್ಪವನ್ನು ಅಗೆದು ನೋಡಬಹುದು. ಎರಡು ಮಳೆಗಾಲ ಕಳೆದ ಮೇಲೆ ಬರುವ ಆಕ್ಷೇಪಣಾ ಕಂಡಿಕೆಗೆ ‘ಮಳೆಯಿಂದ ಹಾಳಾಯಿತು’ ಎಂಬ ಉತ್ತರ ಸಾಕಾಗುತ್ತದೆ. ಅಷ್ಟು ಹೊತ್ತಿಗೆ ಸಹಾಯಕ ಎಂಜಿನಿಯರ್ ವರ್ಗವಾಗಿರುತ್ತಾರೆ, ಗುತ್ತಿಗೆದಾರನ ಹೊಣೆಗಾರಿಕೆಯ ಅವಧಿ ಮುಗಿದಿರುತ್ತದೆ. ತಡವಾದ ಲೆಕ್ಕ ಸತ್ಯವನ್ನೇ ಹೇಳಿದರೂ ಪರಿಹಾರ ಕೊಡುವ ಶಕ್ತಿ ಕಳೆದುಕೊಂಡಿರುತ್ತದೆ.

ಕನ್ನಡ ನಾಡಿಗೆ ಈ ಕಲಂ ಬಂದದ್ದು ಹುಬ್ಬಳ್ಳಿ-ಧಾರವಾಡದ ಮೂಲಕ. 1962ರಲ್ಲಿ ಆ ಅವಳಿ ನಗರ ಮಹಾನಗರಪಾಲಿಕೆಯಾದಾಗ ಅದಕ್ಕೆ ಅನ್ವಯವಾದದ್ದು 1949ರ ಬಾಂಬೆ ಕಾಯ್ದೆ. ಬೆಂಗಳೂರು ಮೈಸೂರು ಶಾಸನಸಭೆಯ ಇನ್ನೊಂದು 1949ರ ಕಾಯ್ದೆಯಡಿ ನಡೆಯುತ್ತಿತ್ತು. ಇವೆರಡರ ಜಾಗಕ್ಕೂ 1976ರ ಕರ್ನಾಟಕ ಮುನಿಸಿಪಲ್ ಕಾರ್ಪೊರೇಷನ್‌ಗಳ ಕಾಯ್ದೆ ಬಂತು. ಅದು ಒಂದೇ ಸ್ಥಾಯಿ ಸಮಿತಿಯ ಬದಲು ನಾಲ್ಕನ್ನು ಮಾಡಿ, ಒಂದನ್ನು ಲೆಕ್ಕಪತ್ರಗಳಿಗೇ ಮೀಸಲಿಟ್ಟಿತು. ಮೇಲ್ನೋಟಕ್ಕೆ ಇದು ಮುನ್ನಡೆ, ಒಂದು ಮಟ್ಟಿಗೆ ನಿಜಕ್ಕೂ ಹೌದು. ಲೆಕ್ಕವೆಂಬುದು ತೆರಿಗೆ ಸಮಿತಿಯ ಸಭೆಯಲ್ಲಿ ಕೊನೆಯ ಹತ್ತು ನಿಮಿಷಕ್ಕೆ ಬರುವ ವಿಷಯವಾಗಿ ಉಳಿಯಲಿಲ್ಲ.

ಆದರೆ ಬಾಂಬೆ ಕಾಯ್ದೆಯೂ ಕರ್ನಾಟಕದ ಕಾಯ್ದೆಯೂ ಒಂದು ಊಹೆಯ ಮೇಲೆ ನಿಂತಿವೆ: ವರದಿ ತೆಗೆದುಕೊಳ್ಳಲು ಚುನಾಯಿತರು ಯಾವಾಗಲೂ ಇರುತ್ತಾರೆ ಎಂಬುದು. ಸಭೆಯ ಅವಧಿ ಮುಗಿದು ಚುನಾವಣೆ ನಡೆಯದಿದ್ದರೆ ಸರ್ಕಾರ ಆಡಳಿತಾಧಿಕಾರಿಯನ್ನು ನೇಮಿಸುತ್ತದೆ. ಸಭೆಯ ಅಧಿಕಾರವೂ ಸಮಿತಿಗಳ ಅಧಿಕಾರವೂ ಅವರಿಗೇ ಸೇರುತ್ತವೆ. ಆಗ ಆಯುಕ್ತರೂ ಸರ್ಕಾರ ಕಳಿಸಿದ ಅಧಿಕಾರಿ, ಲೆಕ್ಕ ಕೇಳಬೇಕಾದವರೂ ಸರ್ಕಾರ ಕಳಿಸಿದ ಅಧಿಕಾರಿ. ಎಂಟರಲ್ಲಿ ಐದು ಪಾಲು ಮತ ಹಾಕುವವರು ಯಾರೂ ಇಲ್ಲ. ಇದು ಅಪರೂಪದ ಸ್ಥಿತಿಯೂ ಅಲ್ಲ. ಅವಧಿ ಮುಗಿಯುವ ಮುನ್ನವೇ ಚುನಾವಣೆ ಮುಗಿದಿರಬೇಕೆಂದು ಸಂವಿಧಾನದ 243-ಯು ವಿಧಿ ಹೇಳಿದರೂ, ಬೆಂಗಳೂರಿನಲ್ಲಿ 2006ರ ಕೊನೆಯಿಂದ 2010ರವರೆಗೆ ಸಭೆ ಇರಲಿಲ್ಲ. 2020ರ ಸೆಪ್ಟೆಂಬರ್ 10ರಂದು ಮುಗಿದ ಸಭೆಯ ಜಾಗಕ್ಕೆ ಬೃಹತ್ ಬೆಂಗಳೂರು ಮಹಾನಗರಪಾಲಿಕೆ (ಬಿಬಿಎಂಪಿ) ಇರುವ ತನಕವೂ ಇನ್ನೊಂದು ಸಭೆ ಬರಲಿಲ್ಲ. ಹುಬ್ಬಳ್ಳಿ-ಧಾರವಾಡದಲ್ಲಿ 2019ರಲ್ಲಿ ಅವಧಿ ಮುಗಿದ ಮೇಲೆ ಚುನಾವಣೆ ನಡೆದದ್ದು 2021ರ ಸೆಪ್ಟೆಂಬರಿನಲ್ಲಿ. ಮಾದರಿ ಹುಟ್ಟಿದ ಮುಂಬಯಿಯೇ 2022ರ ಮಾರ್ಚಿನಿಂದ ವರ್ಷಗಟ್ಟಲೆ ಆಡಳಿತಾಧಿಕಾರಿಯ ಕೈಯಲ್ಲಿತ್ತು.

ಈ ಖಾಲಿ ಜಾಗವನ್ನು ಈಗ ತುಂಬುತ್ತಿರುವುದು ಆಯುಕ್ತರ ಸಾರ್ವಜನಿಕ ಪ್ರಕಟಣೆಗಳು. ಪತ್ರಿಕಾಗೋಷ್ಠಿ, ಫೋನ್-ಇನ್ ಕಾರ್ಯಕ್ರಮ, ಮುಚ್ಚಿದ ಗುಂಡಿಗಳ ದಿನದ ಸಂಖ್ಯೆ, ‘ಫಿಕ್ಸ್ ಮೈ ಸ್ಟ್ರೀಟ್’ ಆ್ಯಪ್, ಜಾಲತಾಣದಲ್ಲಿ ಪಾವತಿಯ ಪಟ್ಟಿ. ಇವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮಾಹಿತಿ ಹಕ್ಕು ಕಾಯ್ದೆಯ 4ನೆಯ ಕಲಂ ಅಪೇಕ್ಷಿಸುವುದೂ ಕೇಳುವ ಮೊದಲೇ ಹೇಳುವ ಇಂಥ ಆಡಳಿತವನ್ನೇ. ಮಧ್ಯರಾತ್ರಿ ರಾಜಕಾಲುವೆಯ ಬಳಿ ನಿಂತು ನೀರಿನ ಮಟ್ಟ ತಿಳಿಸುವ ಆಯುಕ್ತರಿಂದ ಪ್ರಾಣ ಉಳಿದೀತು. ಹಾಗಿದ್ದರೂ ಪ್ರಕಟಣೆಯಲ್ಲಿ ಏನು ಹೇಳಬೇಕೆಂದು ಆಯ್ಕೆ ಮಾಡುವವರು ಹೇಳುವವರೇ. ಮುಚ್ಚಿದ ಗುಂಡಿಯ ಸಂಖ್ಯೆ ಬರುತ್ತದೆ. ಒಂದೇ ಗುಂಡಿಗೆ ಎಷ್ಟು ಸಲ ಬಿಲ್ಲಾಯಿತು ಎಂಬುದು ಬರುವುದಿಲ್ಲ. ಪರಿಶೋಧನೆಯಲ್ಲಿ ಪ್ರಶ್ನೆಯನ್ನು ಆರಿಸುವವನು ಕೇಳುವವನು, ಉತ್ತರ ಕೊಡದೆ ಎದ್ದುಹೋಗುವ ಅವಕಾಶ ಹೇಳುವವನಿಗಿಲ್ಲ.

ಬೆಂಗಳೂರಿನ ಅನುಭವವೇ ಇದಕ್ಕೆ ಆಧಾರ. 2002ರಲ್ಲಿ ಜನಾಗ್ರಹ, ಪಬ್ಲಿಕ್ ಅಫೇರ್ಸ್ ಸೆಂಟರ್ ಮೊದಲಾದ ಸಂಸ್ಥೆಗಳು ‘ಪ್ರೂಫ್’ ಎಂಬ ಅಭಿಯಾನ ನಡೆಸಿ, ಆಗಿನ ಮಹಾನಗರಪಾಲಿಕೆ ಮೂರು ತಿಂಗಳಿಗೊಮ್ಮೆ ತನ್ನ ಆದಾಯ-ಖರ್ಚಿನ ವಿವರವನ್ನು ನಾಗರಿಕರ ಮುಂದೆ ಇಡುವಂತೆ ಮಾಡಿದವು. ಪಾಲಿಕೆ ನಿಧಿ ಆಧಾರಿತ ಲೆಕ್ಕಪದ್ಧತಿಗೆ ಹೊರಳಿದ ಕಾಲವದು. ಅಂಕಿಗಳು ಸಕಾಲಕ್ಕೆ ದೊರೆತದ್ದರಿಂದಲೇ ಅಭಿಯಾನ ಸಾಧ್ಯವಾಯಿತು. ಈ ಯಶಸ್ಸನ್ನು ನಾಗರಿಕ ಸಂಘಟನೆಗಳ ಸಾಧನೆಯೆಂದು ವಿವರಿಸುವುದು ವಾಡಿಕೆ. ಅದು ಸರಿಯೇ, ಆದರೆ ಅರ್ಧ. ಆಗ ಚುನಾಯಿತ ಸಭೆ ಇತ್ತು. ನಾಗರಿಕ ಕೇಳಿದ ಪ್ರಶ್ನೆಯನ್ನು ಅವನ ವಾರ್ಡಿನ ಸದಸ್ಯ ಸಭೆಯಲ್ಲಿ ಎತ್ತಬಹುದಿತ್ತು, ಆಗ ಆಯುಕ್ತರು ಉತ್ತರಿಸಲೇಬೇಕಿತ್ತು.

ಲೆಕ್ಕವನ್ನೂ ಸುರಕ್ಷತೆಯನ್ನೂ ಬೇರೆಬೇರೆ ಕಡತಗಳಲ್ಲಿ ಇಡಲಾಗದು ಎಂಬುದಕ್ಕೆ 2023ರ ಆಗಸ್ಟ್ 11ರ ಘಟನೆಯನ್ನು ನೆನೆಯಬೇಕು. ಹಡ್ಸನ್ ವೃತ್ತದ ಬಿಬಿಎಂಪಿ ಕೇಂದ್ರ ಕಚೇರಿಯ ಆವರಣದಲ್ಲಿ ಗುಣ ನಿಯಂತ್ರಣ ಪ್ರಯೋಗಾಲಯಕ್ಕೆ ಬೆಂಕಿ ಬಿದ್ದು ಒಂಬತ್ತು ಮಂದಿ ಸಿಬ್ಬಂದಿ ಗಾಯಗೊಂಡರು, ಮುಂದೆ ಹಿರಿಯ ಎಂಜಿನಿಯರೊಬ್ಬರು ತೀರಿಕೊಂಡರು. ಕಾಮಗಾರಿಗಳ ಮಾದರಿಯನ್ನು ಪರೀಕ್ಷಿಸುವ ಜಾಗವದು. ಖರ್ಚಿನ ಸತ್ಯಾಸತ್ಯವನ್ನು ಅಳೆಯುವ ನೌಕರರೇ ಅಪಾಯಕ್ಕೆ ತುತ್ತಾದರು. ಸಭೆ ಇದ್ದಿದ್ದರೆ ಬೆಂಕಿ ಬೀಳುತ್ತಿರಲಿಲ್ಲ ಎಂದು ನಾನು ಹೇಳುತ್ತಿಲ್ಲ. ಇಂಥ ದುರಂತದ ಮರುವಾರ ಪ್ರಯೋಗಾಲಯದ ಸುರಕ್ಷತೆಗೆ ಎಷ್ಟು ಹಣವಿತ್ತು, ಎಷ್ಟು ಖರ್ಚಾಗಿತ್ತು ಎಂದು ಕೇಳುವ ಶಾಸನಬದ್ಧ ಹಕ್ಕು ಊರಿನ ಯಾವ ಪ್ರತಿನಿಧಿಯ ಕೈಯಲ್ಲೂ ಇರಲಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ನನ್ನ ವಾದಕ್ಕೆ ಮಿತಿಗಳಿವೆ. ಒಂದು, ಶಾಸನದಲ್ಲಿ ವಾರದ ತಪಾಸಣೆ ಎಂದಿದ್ದ ಮಾತ್ರಕ್ಕೆ ಅದು ವಾರವಾರವೂ ನಡೆಯಿತೆಂದು ಆಗದು. 105ನೆಯ ಕಲಮನ್ನು ನಾನು ಶಾಸನಕಾರರ ಉದ್ದೇಶಕ್ಕೆ ಸಾಕ್ಷಿಯಾಗಿ ಬಳಸಿದ್ದೇನೆ, ಆಚರಣೆಗಲ್ಲ. ಇನ್ನೊಂದು, ಸಭೆ ಇದ್ದಾಗಲೂ ಸದಸ್ಯರು ಗುತ್ತಿಗೆದಾರರೊಂದಿಗೆ ಸೇರಿಕೊಂಡ ಉದಾಹರಣೆಗಳಿಗೆ ನಮ್ಮಲ್ಲಿ ಬರವಿಲ್ಲ. ಚುನಾಯಿತ ಸಭೆ ಪ್ರಾಮಾಣಿಕತೆಯ ಖಾತರಿಯಲ್ಲ. ಸಭೆ ಇಲ್ಲದಾಗಲೂ ರಾಜ್ಯದ ಲೆಕ್ಕಪರಿಶೋಧನೆ ನಿಲ್ಲುವುದಿಲ್ಲ ಎಂದು ಆಕ್ಷೇಪಿಸಬಹುದು. ನಿಲ್ಲುವುದಿಲ್ಲ, ಒಪ್ಪುತ್ತೇನೆ. ಆದರೆ ಅದು ಪಾಲಿಕೆಯ ಹೊರಗಿನ ಕಣ್ಣು, ನಡೆದುಹೋದ ವರ್ಷದ ಮೇಲಿನ ಕಣ್ಣು. ಆದ್ದರಿಂದ ನನ್ನ ಹೇಳಿಕೆಯನ್ನು ಹೀಗೆ ಕಿರಿದುಗೊಳಿಸಬಹುದು: ಮುಂಬಯಿ ಮಾದರಿಯಲ್ಲಿ ಆಯುಕ್ತರ ಅಧಿಕಾರ ಸಭೆಯಿಲ್ಲದೆಯೂ ಬದುಕುತ್ತದೆ, ಆ ಅಧಿಕಾರಕ್ಕೆ ಪ್ರತಿಯಾಗಿ ಇಟ್ಟ ಲೆಕ್ಕದ ಏರ್ಪಾಡು ಮಾತ್ರ ಸಭೆಯೊಂದಿಗೇ ಸಾಯುತ್ತದೆ. ಈ ಅಸಮತೆಯನ್ನು ಮೆಹತಾ ಅವರ ಜೀವನಚರಿತ್ರೆಕಾರರು ಗಮನಿಸದೆ ಹೋದದ್ದಕ್ಕೆ ಕಾರಣವೂ ಇದೆ. ಚುನಾವಣೆಯನ್ನೇ ವರ್ಷಗಟ್ಟಲೆ ಮುಂದೂಡುವ ಸ್ವತಂತ್ರ ಸರ್ಕಾರವೊಂದು ಅವರ ಕಲ್ಪನೆಯಲ್ಲಿ ಇರಲು ಸಾಧ್ಯವಿರಲಿಲ್ಲ.

ಎರಡು ಕೆಲಸಗಳು ಬಾಕಿ ಇವೆ. ಹುಬ್ಬಳ್ಳಿ-ಧಾರವಾಡ ಪಾಲಿಕೆಯ 1962ರಿಂದ 1976ರವರೆಗಿನ ಸ್ಥಾಯಿ ಸಮಿತಿಯ ನಡಾವಳಿ ಪುಸ್ತಕಗಳನ್ನು ಯಾರಾದರೂ ಕೂತು ಓದಬೇಕು. ಮುಖ್ಯ ಲೆಕ್ಕಪರಿಶೋಧಕರ ವರದಿ ಎಷ್ಟು ಸಭೆಗಳ ವಿಷಯಪಟ್ಟಿಯಲ್ಲಿ ಬಂತು, ಅದರ ಮೇಲೆ ಎಷ್ಟು ಠರಾವುಗಳಾದವು ಎಂಬುದನ್ನು ಎಣಿಸಿದರೆ ಮೇಲಿನ ಮೊದಲ ಮಿತಿ ನೀಗುತ್ತದೆ, ಇಲ್ಲವೇ ನನ್ನ ವಾದವೇ ದುರ್ಬಲವಾಗುತ್ತದೆ. ಎರಡನೆಯದು ಈಗಿನದು. 2024ರ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆಯಡಿ 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿಯ ಜಾಗಕ್ಕೆ ಐದು ಪಾಲಿಕೆಗಳು ಬಂದವು, ಐವರು ಆಯುಕ್ತರು ಬಂದರು, ಅವುಗಳ ಮೇಲೆ ಮುಖ್ಯಮಂತ್ರಿಗಳ ಅಧ್ಯಕ್ಷತೆಯ ಪ್ರಾಧಿಕಾರ ಬಂತು. ಐದೂ ಪಾಲಿಕೆಗಳು ಚುನಾಯಿತ ಸಭೆಯಿಲ್ಲದೆಯೇ ಕೆಲಸ ಆರಂಭಿಸಿದವು. ಸಭೆ ಬರುವ ಮುಂಚಿನ ಈ ಅವಧಿಯ ಖರ್ಚಿನ ಲೆಕ್ಕವನ್ನು ಮುಂದೆ ಆಯ್ಕೆಯಾಗುವ ಸದಸ್ಯರು ಹಿಂದಕ್ಕೆ ಹೋಗಿ ತೆರೆಸಬಹುದೇ, ಯಾವ ಕಲಮಿನಡಿ ತೆರೆಸಬಹುದು ಎಂಬುದನ್ನು ಕಾನೂನು ಬಲ್ಲವರು ಬಿಡಿಸಿ ಹೇಳಬೇಕಿದೆ.