ರಿಫ್ಲೆಕ್ಷನ್: ಮೆಥಡ್ ಸಿಕ್ಕರೆ ಸಾಲದು, ಕರೆಯುವ ಅಧಿಕಾರವೂ ಬೇಕು

ಜಾವಾ ಪ್ರೋಗ್ರಾಮ್ ಚಾಲನೆಯಲ್ಲಿರುವಾಗಲೇ ಕ್ಲಾಸ್ ಒಂದರ ಮೆಥಡ್‌ಗಳನ್ನು ಹೆಸರು ಹಿಡಿದು ಹುಡುಕಿ ಕರೆಯುವ ಸೌಲಭ್ಯಕ್ಕೆ ರಿಫ್ಲೆಕ್ಷನ್ ಎನ್ನುತ್ತಾರೆ. 1997ರ ಜಾವಾ 1.1 ಆವೃತ್ತಿಯಿಂದ ಇದು ಲಭ್ಯವಿದೆ.

ಹುಡುಕುವುದು ಬೇರೆ, ಕರೆಯುವುದು ಬೇರೆ ಎಂಬುದೇ ಇಲ್ಲಿನ ಮೂಲ ನಿಯಮ. ಕ್ಲಾಸ್‌ನ ಒಳಬಳಕೆಗೆ ಮೀಸಲಾದ ಪ್ರೈವೇಟ್ ಮೆಥಡ್ ಅನ್ನೂ 'ಗೆಟ್‌ಡಿಕ್ಲೇರ್ಡ್‌ಮೆಥಡ್' ತಂದುಕೊಡುತ್ತದೆ. ಆದರೆ 'ಇನ್‌ವೋಕ್' ಮಾಡುವಾಗ, ಕರೆಯುತ್ತಿರುವ ಕ್ಲಾಸ್‌ಗೆ ಅಧಿಕಾರವಿದೆಯೇ ಎಂಬ ಪರಿಶೀಲನೆ ನಡೆಯುತ್ತದೆ. ಇಲ್ಲವಾದರೆ 'ಇಲ್ಲೀಗಲ್‌ಆಕ್ಸೆಸ್‌ಎಕ್ಸೆಪ್ಶನ್' ಎದುರಾಗುತ್ತದೆ.

ಅನುಭವಿಗಳೂ ಎಡವುವುದು ಇನ್ನೊಂದು ಕಡೆ. ಮೆಥಡ್ ಪಬ್ಲಿಕ್ ಆಗಿದ್ದರೂ ಅದನ್ನು ಘೋಷಿಸಿದ ಕ್ಲಾಸ್ ಪಬ್ಲಿಕ್ ಅಲ್ಲದಿದ್ದರೆ ಹೊರಗಿನವರ ಕರೆ ತಿರಸ್ಕೃತವಾಗುತ್ತದೆ. 'ಕಲೆಕ್ಷನ್ಸ್.ಅನ್‌ಮಾಡಿಫೈಯಬಲ್‌ಲಿಸ್ಟ್' ನೀಡುವ ಪಟ್ಟಿಯ ಸ್ವಂತ ಕ್ಲಾಸ್‌ನಿಂದ 'ಸೈಜ್' ಮೆಥಡ್ ಪಡೆದು ಕರೆದರೆ ಆಗುವುದು ಇದೇ. ಅದೇ ಮೆಥಡ್ ಅನ್ನು 'ಲಿಸ್ಟ್' ಇಂಟರ್‌ಫೇಸ್ ಮೂಲಕ ಪಡೆದರೆ ಯಾವ ತಕರಾರೂ ಇಲ್ಲ. ಬೀಗ ಒಡೆಯಲು ಹೊರಡುವವರು ಮೊದಲು ಮುಂಬಾಗಿಲು ತೆರೆದಿದೆಯೇ ಎಂದು ನೋಡುವುದು ಲೇಸು.

ಬೀಗ ಒಡೆಯುವ ಸಾಧನ 'ಸೆಟ್‌ಆಕ್ಸೆಸಿಬಲ್'. ಅದಕ್ಕೆ 'ಟ್ರೂ' ಎಂದು ಕೊಟ್ಟರೆ ಪರಿಶೀಲನೆಯೇ ನಿಲ್ಲುತ್ತದೆ. ಸ್ಪ್ರಿಂಗ್, ಹೈಬರ್ನೇಟ್‌ನಂಥ ಜನಪ್ರಿಯ ತಂತ್ರಾಂಶಗಳೂ ಇದನ್ನು ಬಳಸುತ್ತವೆ. 2017ರ ಜಾವಾ 9, ಮಾಡ್ಯೂಲ್ ವ್ಯವಸ್ಥೆ ತಂದು ಇದಕ್ಕೂ ಗಡಿ ಹಾಕಿತು. ಜಾವಾದ ಹಳೆಯ ಒಳಭಾಗಗಳ ಮಟ್ಟಿಗೆ ಮೊದಲು ಎಚ್ಚರಿಕೆಯಷ್ಟೇ ಇತ್ತು. 2021ರ ಮಾರ್ಚ್‌ನಲ್ಲಿ ಬಂದ ಜಾವಾ 16ರಿಂದ ತಡೆಯೇ ನಿಯಮವಾಯಿತು. ಅದೇ ವರ್ಷದ ಸೆಪ್ಟೆಂಬರ್‌ನ ಜಾವಾ 17ರಲ್ಲಿ ಒಟ್ಟಾರೆ ರಿಯಾಯಿತಿಯೂ ರದ್ದಾಯಿತು.

ಜಾವಾ 8ರಲ್ಲಿ ಸಲೀಸಾಗಿ ನಡೆಯುತ್ತಿದ್ದ ಹಳೆಯ ತಂತ್ರಾಂಶ 17ಕ್ಕೆ ಬಂದೊಡನೆ 'ಇನ್‌ಆಕ್ಸೆಸಿಬಲ್‌ಆಬ್ಜೆಕ್ಟ್‌ಎಕ್ಸೆಪ್ಶನ್' ಎಂದು ನಿಂತುಬಿಡುವುದು ಈ ಕಾರಣಕ್ಕೆ. ಆಗ ಅಗತ್ಯವಿರುವ ಪ್ಯಾಕೇಜ್ ಒಂದನ್ನೇ 'ಆಡ್-ಓಪನ್ಸ್' ಆಯ್ಕೆಯಿಂದ ತೆರೆಯಲು ಅವಕಾಶವಿದೆ.