ಫ್ಯಾಂಟಸಿ ಫುಟ್‌ಬಾಲ್ ಹರಾಜು: 200 ಡಾಲರ್‌ನಲ್ಲಿ ತಂಡ ಕಟ್ಟುವುದು ಹೇಗೆ?

ಐಪಿಎಲ್ ಹರಾಜು ನೋಡಿದವರಿಗೆ ಅಮೆರಿಕದ ಫ್ಯಾಂಟಸಿ ಫುಟ್‌ಬಾಲ್ ಹರಾಜು ತೀರಾ ಹೊಸದೆನಿಸದು. ಸೆಪ್ಟೆಂಬರ್‌ನಲ್ಲಿ ಎನ್‌ಎಫ್‌ಎಲ್ ಶುರುವಾಗುವ ಮುನ್ನ ಗೆಳೆಯರೋ ಸಹೋದ್ಯೋಗಿಗಳೋ ಸೇರಿ ಲೀಗ್ ಮಾಡಿಕೊಳ್ಳುತ್ತಾರೆ. ‘ಸ್ನೇಕ್ ಡ್ರಾಫ್ಟ್’ ಪದ್ಧತಿಯಲ್ಲಿ ಸರದಿ ಬರುವಷ್ಟರಲ್ಲಿ ತಾರಾ ಆಟಗಾರ ಬೇರೆಯವರ ಪಾಲಾಗಿರುತ್ತಾನೆ. ಹರಾಜಿನಲ್ಲಿ ಹಾಗಲ್ಲ, ಹಣವಿದ್ದರೆ ಯಾರಿಗೆ ಬೇಕಾದರೂ ಬಿಡ್ ಮಾಡಬಹುದು.

ಈ ಹಣ ಬರೀ ಲೆಕ್ಕಕ್ಕೆ. ಸಾಮಾನ್ಯವಾಗಿ ತಂಡಕ್ಕೆ 200 ಡಾಲರ್, ಕನಿಷ್ಠ ಬಿಡ್ 1 ಡಾಲರ್. ಹೊಸಬರು ಎಡವುವುದು ಇಲ್ಲೇ. 15 ಆಟಗಾರರ ತಂಡವಾದರೆ ಉಳಿದ 14 ಸ್ಥಾನಗಳಿಗೆ ತಲಾ 1 ಡಾಲರ್ ಎತ್ತಿಡಬೇಕು. ಹಾಗಾಗಿ ಮೊದಲ ಬಿಡ್‌ನ ಮಿತಿ 186. ಇಬ್ಬರಿಗೇ 110 ಡಾಲರ್ ಸುರಿದರೆ ಕೈಯಲ್ಲಿ 90, ಖಾಲಿ ಸ್ಥಾನ 13, ಮುಂದಿನ ಗರಿಷ್ಠ ಬಿಡ್ 78. ಹಾಗೆಂದು ಜಿಪುಣತನವೂ ಸಲ್ಲ. ಹರಾಜು ಮುಗಿದ ಮೇಲೆ ಉಳಿದ ಡಾಲರ್ ಅಂಕ ತಂದುಕೊಡುವುದಿಲ್ಲ.

ಆಟಗಾರರ ಹೆಸರನ್ನು ತಂಡಗಳೇ ಸರದಿಯಂತೆ ಕೂಗುತ್ತವೆ. ಆ ಸರದಿಯನ್ನು ಚೀಟಿ ಎತ್ತಿ ಗೊತ್ತುಮಾಡಿದರೆ ತಕರಾರಿಲ್ಲ. ಮುಖಾಮುಖಿ ಹರಾಜಾದರೆ ಕೂಗಲು ಒಬ್ಬರು, ಬೆಲೆ ಬರೆದುಕೊಳ್ಳಲು ಇನ್ನೊಬ್ಬರು ಇರಲೇಬೇಕು. ಎರಡನ್ನೂ ಒಬ್ಬರೇ ಮಾಡಿದರೆ ಲೆಕ್ಕ ತಪ್ಪಿ ಜಗಳವಾಗುತ್ತದೆ.

ಸಿದ್ಧತೆ ಎಂದರೆ ಪ್ರತಿ ಆಟಗಾರನಿಗೆ ನಿಮ್ಮದೇ ಬೆಲೆ ಬರೆದಿಟ್ಟುಕೊಂಡು ಅದನ್ನು ದಾಟದಿರುವುದು. ನಿಮಗೆ ಬೇಡದ ಜನಪ್ರಿಯ ಆಟಗಾರನ ಹೆಸರನ್ನು ಮೊದಲೇ ಕೂಗಿ, ಎದುರಾಳಿಗಳ ಜೇಬು ಕರಗಲಿ. ಕಿಕ್ಕರ್‌ಗೆ 1 ಡಾಲರ್ ಸಾಕು.